ಟರ್ನರ್‌ನ ‘ನೀಲಿ ರಿಗಿ’: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಹಾಲ್‌ನಲ್ಲಿ ಒಂದು ಚಿತ್ರದ ಪ್ರಿಂಟ್ ಇತ್ತು. ಒಂದು ಕೆರೆ, ಆಚೆಗೆ ಒಂದು ನೀಲಿ ಬೆಟ್ಟ, ಅಷ್ಟೇ. ಮನೆಗೆ ಬಂದವರಲ್ಲಿ ಹತ್ತಕ್ಕೆ ಎಂಟು ಜನ ಅದರ ಬಗ್ಗೆ ಏನಾದರೂ ಕೇಳುತ್ತಿದ್ದರು. ಕೆಲವರು ನಿಜವಾದ ಕುತೂಹಲದಿಂದ, ಕೆಲವರು ಕಾಫಿ ಬರುವವರೆಗೆ ಹೊತ್ತು ಕಳೆಯಲಿಕ್ಕೆ. ಹೇಳಿದ್ದನ್ನೇ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಇದು ಯಾವ ಚಿತ್ರ? ಯಾರು ಬರೆದದ್ದು?

ಹೆಸರು ‘ದಿ ಬ್ಲೂ ರಿಗಿ, ಸನ್‌ರೈಸ್’. ಬರೆದವನು ಇಂಗ್ಲೆಂಡಿನ ಜೋಸೆಫ್ ಮ್ಯಾಲರ್ಡ್ ವಿಲಿಯಂ ಟರ್ನರ್, 1842ರಲ್ಲಿ. ಕಾಗದದ ಮೇಲೆ ವಾಟರ್ ಕಲರ್. ಈಗ ಲಂಡನ್ನಿನ ಟೇಟ್ ಅನ್ನುವ ಕಲಾ ಸಂಗ್ರಹಾಲಯದಲ್ಲಿದೆ. ಕೆರೆ ಅಂದರೆ ಸ್ವಿಟ್ಜರ್ಲೆಂಡಿನ ಲೂಸರ್ನ್ ಸರೋವರ. ಬೆಟ್ಟದ ಹೆಸರು ರಿಗಿ.

ಅಳತೆ ಕೇಳಿದರೆ ಆಶ್ಚರ್ಯ ಆಗುತ್ತದೆ. 29.7 ಸೆಂಟಿಮೀಟರ್ ಎತ್ತರ, 45 ಸೆಂಟಿಮೀಟರ್ ಅಗಲ. ಝೆರಾಕ್ಸ್ ಅಂಗಡಿಯ ಎ3 ಹಾಳೆಯನ್ನು ಅಡ್ಡ ಹಿಡಿದು, ಅಗಲಕ್ಕೆ ಮೂರು ಸೆಂಟಿಮೀಟರ್ ಸೇರಿಸಿದರೆ ಸರಿಯಾಗಿ ಅಷ್ಟೇ. ನಮ್ಮ ಮನೆಯ ಪ್ರಿಂಟು ಅಸಲಿಗಿಂತ ದೊಡ್ಡದು. ಅದು ನನ್ನದೇ ತಪ್ಪು, ಕೊನೆಗೆ ಹೇಳುತ್ತೇನೆ.

ಇದರಲ್ಲಿ ಏನೂ ಇಲ್ವಲ್ಲ?

ಎಲ್ಲಕ್ಕಿಂತ ಜಾಸ್ತಿ ಜನ ಕೇಳಿದ ಪ್ರಶ್ನೆ ಇದು. ನಮ್ಮ ಚಿಕ್ಕಪ್ಪ ಕೇಳಿದ ರೀತಿ ಇನ್ನೂ ನೆನಪಿದೆ: “ಇದಿನ್ನೂ ಪೂರ್ತಿ ಆಗಿಲ್ವೇನೋ?”

ಮೊದಲ ನೋಟಕ್ಕೆ ಹಾಗೇ ಅನಿಸುತ್ತದೆ. ಬೆಟ್ಟಕ್ಕೆ ಗೆರೆ ಇಲ್ಲ. ಮರ, ಮನೆ, ದಾರಿ ಯಾವುದೂ ಎದ್ದು ಕಾಣುವುದಿಲ್ಲ. ನೀರು ಎಲ್ಲಿ ಮುಗಿಯಿತು, ಬೆಟ್ಟದ ಬುಡ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲಿಕ್ಕೆ ಆಗುವುದಿಲ್ಲ. ಅಲ್ಲಿ ತೆಳುವಾದ ಮಂಜಿದೆ.

ಸ್ವಲ್ಪ ನಿಂತು ನೋಡಿದರೆ ಒಂದೊಂದಾಗಿ ಬರುತ್ತವೆ. ನೀರಿನ ಮೇಲೆ ದೋಣಿಗಳಿವೆ, ನೆರಳಿನ ಹಾಗೆ. ಕೆಳಭಾಗದಲ್ಲಿ ನಾಯಿಗಳು ನೀರಿಗೆ ಹಾರುತ್ತಿವೆ. ಅವುಗಳ ಮುಂದೆ ಬಾತುಕೋಳಿಗಳು ರೆಕ್ಕೆ ಬಡಿದು ಎದ್ದಿವೆ. ಇಡೀ ಚಿತ್ರದಲ್ಲಿ ಸದ್ದು ಇರುವುದು ಅಲ್ಲಿ ಮಾತ್ರ. ಉಳಿದದ್ದೆಲ್ಲ ನಿಶ್ಶಬ್ದ. ಆ ನಾಯಿಗಳಿಲ್ಲದೆ ಇದ್ದಿದ್ದರೆ ಆ ಮೌನ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಊರು ಮಲಗಿದೆ ಅಂತ ಗೊತ್ತಾಗುವುದು ಎಲ್ಲೋ ಒಂದು ನಾಯಿ ಬೊಗಳಿದಾಗ ತಾನೆ?

ಮೇಲೆ ಆಕಾಶದಲ್ಲಿ ಒಂದು ಚುಕ್ಕಿ ಇದೆ. ಬೆಳ್ಳಿ ಚುಕ್ಕಿ, ಅಂದರೆ ಶುಕ್ರ. ಪ್ರಿಂಟ್‌ಗಳಲ್ಲಿ ಅದು ಸುಲಭಕ್ಕೆ ಕಾಣಿಸುವುದಿಲ್ಲ, ಹುಡುಕಬೇಕು.

‘ಸನ್‌ರೈಸ್’ ಅಂತ ಹೆಸರಿದೆ. ಸೂರ್ಯ ಎಲ್ಲಿ?

ಇಲ್ಲ. ಇನ್ನೂ ಹುಟ್ಟಿಲ್ಲ. ಬೆಟ್ಟದ ಹಿಂದೆ ಇದ್ದಾನೆ.

ಈ ಚಿತ್ರವನ್ನು ‘ಸೂರ್ಯೋದಯ’ ಅಂತ ಕನ್ನಡಕ್ಕೆ ತಂದರೆ ಸುಳ್ಳು ಹೇಳಿದ ಹಾಗೆ ಅಂತ ನನ್ನ ವಾದ. ಸೂರ್ಯೋದಯ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕ್ಯಾಲೆಂಡರಿನ ಕೆಂಪು ಚೆಂಡು. ಇಲ್ಲಿರುವುದು ಅದಕ್ಕೂ ಮುಂಚಿನ ಹೊತ್ತು. ಅದಕ್ಕೆ ನಮ್ಮಲ್ಲಿ ಸರಿಯಾದ ಪದವೇ ಇದೆ: ನಸುಕು. ಹಳ್ಳಿ ಕಡೆ ಹಿರಿಯರು ‘ಬೆಳ್ಳಿ ಮೂಡೋ ಹೊತ್ತು’ ಅನ್ನುತ್ತಾರೆ. ಹೊಲಕ್ಕೆ ಹೊರಡುವವರಿಗೆ, ಹಾಲು ಕರೆಯುವವರಿಗೆ, ಫಸ್ಟ್ ಬಸ್ ಹಿಡಿಯುವವರಿಗೆ ಈ ಹೊತ್ತು ಚೆನ್ನಾಗಿ ಗೊತ್ತು. ಕತ್ತಲು ಹೋಗಿದೆ, ಬೆಳಕು ಬಂದಿಲ್ಲ. ಎದುರಿಗೆ ಬರುವವರು ಯಾರೋ ಅಂತ ಗೊತ್ತಾಗುತ್ತದೆ, ಯಾರು ಅಂತ ಗೊತ್ತಾಗುವುದಿಲ್ಲ.

ಟರ್ನರ್ ಆ ಹೊತ್ತನ್ನೇ ಹಿಡಿದಿದ್ದಾನೆ. ಬೆಟ್ಟ ಅವನಿಗೆ ಒಂದು ನೆಪ ಅಂತಲೇ ಹೇಳುತ್ತೇನೆ. ಕೈಗಡಿಯಾರದ ಮುಳ್ಳಿನ ಹಾಗೆ ಅದನ್ನು ಇಟ್ಟುಕೊಂಡು ಹೊತ್ತು ಎಷ್ಟಾಯಿತು ಅಂತ ತೋರಿಸುತ್ತಾನೆ.

ಬೆಟ್ಟ ಯಾಕೆ ಅಷ್ಟು ನೀಲಿ? ಕಲ್ಪನೆಯಾ?

ಪೂರ್ತಿ ಕಲ್ಪನೆ ಅಲ್ಲ. ಲೂಸರ್ನ್ ಊರಿನಿಂದ ನೋಡಿದರೆ ರಿಗಿ ಪೂರ್ವಕ್ಕಿದೆ. ಬೆಳಗ್ಗೆ ಬೆಳಕು ಬೆಟ್ಟದ ಬೆನ್ನಿಗೆ ಬೀಳುತ್ತದೆ. ನಮ್ಮ ಕಡೆಗಿರುವುದು ನೆರಳಿನ ಮುಖ. ನಮಗೂ ಬೆಟ್ಟಕ್ಕೂ ನಡುವೆ ಹತ್ತಾರು ಕಿಲೋಮೀಟರ್ ತೇವದ ಗಾಳಿ. ಆ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತದೆ. ಹಾಗಾಗಿ ನೆರಳಿನ ಬೆಟ್ಟ ನೀಲಿಯಾಗಿ ಕಾಣುತ್ತದೆ, ಉಬ್ಬು ತಗ್ಗೆಲ್ಲ ಮಾಯ. ಆಗುಂಬೆಯಲ್ಲೋ ಕುದುರೆಮುಖದ ದಾರಿಯಲ್ಲೋ ಒಂದರ ಹಿಂದೊಂದು ನಿಂತ ಬೆಟ್ಟಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೂರದ ಬೆಟ್ಟ ನುಣ್ಣಗೆ ಅಂತ ಗಾದೆಯೇ ಇದೆಯಲ್ಲ. ಗಾದೆ ಅದನ್ನು ಮೋಸ ಅನ್ನುತ್ತದೆ. ಟರ್ನರ್ ಆ ನುಣುಪನ್ನೇ ಕೂತು ಬರೆದ.

ಇನ್ನೊಂದು ಚಮತ್ಕಾರವೂ ಇದೆ. ಕೆಳಗೆ ನೀರಿನ ಮೇಲೆ ಒಂದಿಷ್ಟು ಹಳದಿ, ಒಂದಿಷ್ಟು ಕಿತ್ತಳೆಯ ಛಾಯೆ ಬಿಟ್ಟಿದ್ದಾನೆ. ಅದನ್ನು ಬೆರಳಿನಿಂದ ಮುಚ್ಚಿ ನೋಡಿ. ಬೆಟ್ಟದ ನೀಲಿ ಕೂಡಲೇ ಸಪ್ಪೆಯಾಗುತ್ತದೆ.

ರಿಗಿ ತುಂಬಾ ದೊಡ್ಡ ಬೆಟ್ಟವಾ?

ಸುಮಾರು 1,800 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ದಾಟುತ್ತದೆ. ಆಲ್ಪ್ಸ್ ಲೆಕ್ಕದಲ್ಲಿ ರಿಗಿ ಕುಳ್ಳನೇ. ಸರೋವರದ ಇನ್ನೊಂದು ಬದಿಯ ಪಿಲಾಟಸ್ ಕೂಡ ಇದಕ್ಕಿಂತ ಎತ್ತರ. ಆದರೆ ಸರೋವರ ಇರುವುದು ಸಮುದ್ರ ಮಟ್ಟದಿಂದ 434 ಮೀಟರಿನಲ್ಲಿ. ನೀರಿನ ಅಂಚಿನಿಂದಲೇ ಸಾವಿರದ ಮುನ್ನೂರು ಮೀಟರಿಗೂ ಜಾಸ್ತಿ ಒಂಟಿಯಾಗಿ ಎದ್ದು ನಿಂತಿರುವುದರಿಂದ ದೊಡ್ಡದಾಗಿ ಕಾಣುತ್ತದೆ.

ಇದರ ಖ್ಯಾತಿ ಎತ್ತರದಿಂದ ಬಂದದ್ದಲ್ಲ. ತುದಿಯಿಂದ ಕಾಣುವ ಸೂರ್ಯೋದಯದಿಂದ ಬಂದದ್ದು. 1816ರಲ್ಲೇ ಮೇಲೆ ಒಂದು ವಸತಿಗೃಹ ಕಟ್ಟಿದ್ದರು. ಯೂರೋಪಿನ ಪ್ರವಾಸಿಗಳೆಲ್ಲ ರಾತ್ರಿ ಅಲ್ಲಿ ಮಲಗಿ, ಚಳಿಯಲ್ಲಿ ನಡುಗುತ್ತಾ ಎದ್ದು, ಸೂರ್ಯನಿಗೆ ಕಾಯುತ್ತಿದ್ದರು. ನಂದಿ ಬೆಟ್ಟಕ್ಕೆ ಬೆಳಗಿನ ಜಾವ ಬೈಕ್ ಸಾಲು ಹೋಗುತ್ತದಲ್ಲ, ಅದೇ ಹುಚ್ಚು. 1871ರಲ್ಲಿ ಬೆಟ್ಟ ಹತ್ತುವ ರೈಲೂ ಬಂತು, ಯೂರೋಪಿನಲ್ಲೇ ಮೊದಲನೆಯದು.

ನನಗೆ ಈ ಚಿತ್ರದಲ್ಲಿ ಇಷ್ಟವಾಗುವ ಸಂಗತಿ ಇದು. ಜಗತ್ತೆಲ್ಲ ರಿಗಿಯ ಮೇಲೆ ನಿಂತು ಸೂರ್ಯನನ್ನು ನೋಡುತ್ತಿದ್ದಾಗ, ಟರ್ನರ್ ಕೆಳಗೆ ದಡದಲ್ಲಿದ್ದು ರಿಗಿಯನ್ನು ನೋಡಿದ. ಅದೂ ಸೂರ್ಯ ಬರುವ ಮೊದಲೇ.

ಇದೇ ಬೆಟ್ಟದ ಬೇರೆ ಚಿತ್ರಗಳೂ ಇವೆಯಂತೆ?

1842ರಲ್ಲೇ ಮೂರು ರಿಗಿಗಳನ್ನು ಬರೆದಿದ್ದಾನೆ. ನೀಲಿ, ಕೆಂಪು, ಕಪ್ಪು. ಕೆಂಪು ರಿಗಿ ಸಂಜೆಯದ್ದು. ಸಂಜೆ ಬಿಸಿಲು ಪಶ್ಚಿಮದಿಂದ ಬಂದು ಬೆಟ್ಟದ ಮುಖಕ್ಕೆ ನೇರ ಹೊಡೆಯುತ್ತದೆ. ಬೆಳಗ್ಗೆ ನೆರಳಾಗಿದ್ದ ಅದೇ ಮುಖ ಈಗ ಕೆಂಡ. ಅದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ, ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾದಲ್ಲಿದೆ. ಕಪ್ಪು ರಿಗಿ ಖಾಸಗಿಯವರ ಕೈಯಲ್ಲೇ ಉಳಿದು ಬಂದಿದೆ. 2007ರ ಆರಂಭದಲ್ಲಿ ಟೇಟ್‌ನವರು ಮೂರನ್ನೂ ಒಂದೇ ಕೋಣೆಯಲ್ಲಿ ಇಟ್ಟಿದ್ದರು. ಮೂರೂ ಒಟ್ಟಿಗೆ ಸಾರ್ವಜನಿಕರ ಮುಂದೆ ಬಂದದ್ದು ಅದೇ ಮೊದಲು.

ಮೂರರಲ್ಲೂ ಬೆಟ್ಟದ ಆಕಾರ ಹೆಚ್ಚೂ ಕಡಿಮೆ ಒಂದೇ. ಬದಲಾಗಿರುವುದು ಹೊತ್ತು. ಫ್ರಾನ್ಸಿನ ಮೋನೆ ಹುಲ್ಲಿನ ಬಣವೆಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಬರೆದ ಅಂತ ಹೊಗಳುತ್ತೇವಲ್ಲ, ಅದು 1890ರ ಹೊತ್ತಿಗೆ. ಟರ್ನರ್ ಅದಕ್ಕೆ ಐವತ್ತು ವರ್ಷ ಮುಂಚಿನವನು. ಹೋಲಿಕೆ ನನ್ನದು. ಇಬ್ಬರ ಉದ್ದೇಶ ಒಂದೇ ಅಂತ ನಾನು ಹೇಳುವುದಿಲ್ಲ.

ಟರ್ನರ್ ಯಾರು? ಶ್ರೀಮಂತರ ಮನೆ ಹುಡುಗನಾ?

ಕ್ಷೌರಿಕನ ಮಗ. 1775ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ ಹತ್ತಿರ ಹುಟ್ಟಿದ. ಅಪ್ಪ ಮಗನ ಚಿತ್ರಗಳನ್ನು ತನ್ನ ಅಂಗಡಿಯಲ್ಲೇ ತೂಗುಹಾಕಿ ಮಾರುತ್ತಿದ್ದ. ತಾಯಿಗೆ ಮಾನಸಿಕ ಕಾಯಿಲೆ. 1800ರಲ್ಲಿ ಬೆಥ್ಲೆಮ್ ಆಸ್ಪತ್ರೆಗೆ ಸೇರಿಸಿದರು, ನಾಲ್ಕು ವರ್ಷದಲ್ಲಿ ತೀರಿಕೊಂಡಳು. ಹುಡುಗ ಹದಿನಾಲ್ಕಕ್ಕೇ ಕಲಾವಿದರ ಸಂಸ್ಥೆಯಾದ ರಾಯಲ್ ಅಕಾಡೆಮಿಯ ಶಾಲೆ ಸೇರಿದ. 1802ರಲ್ಲಿ, ಇಪ್ಪತ್ತಾರನೇ ವಯಸ್ಸಿಗೆ, ಅದರ ಪೂರ್ಣ ಸದಸ್ಯನಾದ.

ಮದುವೆ ಆಗಲಿಲ್ಲ. ದುಡ್ಡಿನ ವಿಷಯದಲ್ಲಿ ಬಿಗಿ. ಮಾತು ಕಡಿಮೆ. ಓಡಾಟ ಮಾತ್ರ ವಿಪರೀತ. ಸತ್ತದ್ದು 1851ರ ಡಿಸೆಂಬರ್ 19ರಂದು. ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಮಣ್ಣು ಮಾಡಿದರು. ಬ್ರಿಟನ್ನಿನ 20 ಪೌಂಡ್ ನೋಟಿನ ಮೇಲೆ 2020ರಿಂದ ಅವನ ಮುಖ ಇದೆ. ಅಲ್ಲಿರುವ ನೆಂಟರು ಯಾರಾದರೂ ಬಂದಾಗ ಕೇಳಿ, ತೋರಿಸುತ್ತಾರೆ.

ರೊಮ್ಯಾಂಟಿಕ್ ಕಾಲದ ಚಿತ್ರ ಅಂತಾರೆ. ಪ್ರೀತಿ ಪ್ರೇಮ ಎಲ್ಲಿದೆ ಇದರಲ್ಲಿ?

ಆ ರೊಮ್ಯಾನ್ಸ್ ಬೇರೆ, ಇದು ಬೇರೆ. ಹದಿನೆಂಟನೇ ಶತಮಾನದ ಕೊನೆಗೆ ಯೂರೋಪಿನಲ್ಲಿ ಶುರುವಾದ ಒಂದು ಮನೋಭಾವಕ್ಕೆ ಆ ಹೆಸರು ಬಂತು. ಎಲ್ಲವನ್ನೂ ಲೆಕ್ಕ ಹಾಕಿ, ಅಳತೆ ಮಾಡಿ ನೋಡುವುದು ಸಾಕು, ನಮಗೆ ಏನನಿಸುತ್ತದೆ ಅನ್ನುವುದೂ ಮುಖ್ಯ ಅಂತ ಹೊರಟವರು ಅವರು. ಊರುಗಳಲ್ಲಿ ಕಾರ್ಖಾನೆ ಹೊಗೆ ಏಳುತ್ತಿದ್ದ ಕಾಲ. ಬೆಟ್ಟ, ಬಿರುಗಾಳಿ, ಸಮುದ್ರ, ಮಂಜು ಇವೆಲ್ಲ ಆಗ ಬರೀ ಹಿನ್ನೆಲೆಯಾಗಿ ಉಳಿಯದೆ ಚಿತ್ರದ ವಿಷಯವೇ ಆದವು. ಜರ್ಮನಿಯಲ್ಲಿ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್, ಇಂಗ್ಲೆಂಡಿನಲ್ಲಿ ಕಾನ್‌ಸ್ಟೇಬಲ್ ಮತ್ತು ಟರ್ನರ್. ಕಾವ್ಯದಲ್ಲಿ ಟರ್ನರ್‌ಗಿಂತ ಐದು ವರ್ಷ ದೊಡ್ಡವನಾದ ವರ್ಡ್ಸ್‌ವರ್ತ್.

ಕನ್ನಡದಲ್ಲಿ ಇದನ್ನು ‘ರಮ್ಯ’ ಅನ್ನುವುದು ರೂಢಿ. ನವೋದಯದ ನಮ್ಮ ಕವಿಗಳು ಈ ಇಂಗ್ಲಿಷ್ ಕವಿಗಳನ್ನು ಓದಿಕೊಂಡೇ ಬೆಳೆದವರು. ಬಿ.ಎಂ.ಶ್ರೀ. ಅವರ ಅನುವಾದಗಳಿಂದ ಆ ಗಾಳಿ ಇಲ್ಲಿಗೆ ಬೀಸಿತು. ಹಾಗಾಗಿ ಮಲೆನಾಡಿನ ಬೆಳಗಿನ ಬಗ್ಗೆ ಕುವೆಂಪು ಬರೆದದ್ದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ ಈ ಚಿತ್ರ ಪೂರ್ತಿ ಪರದೇಶಿ ಅನಿಸಲಿಕ್ಕಿಲ್ಲ. ದೂರದ ಸಂಬಂಧ ಇದೆ.

ಬೆಟ್ಟದ ಎದುರಿಗೆ ಕೂತೇ ಬರೆದನಾ?

ಹಾಗಲ್ಲ. ಟರ್ನರ್ ಸ್ವಿಟ್ಜರ್ಲೆಂಡಿಗೆ ಮೊದಲು ಹೋದದ್ದು 1802ರಲ್ಲಿ. ಇಂಗ್ಲೆಂಡು ಫ್ರಾನ್ಸು ನಡುವೆ ಯುದ್ಧ ಸ್ವಲ್ಪ ದಿನ ನಿಂತಿತ್ತು, ಆ ಸಂದಿಯಲ್ಲಿ ಓಡಿದ. ಆಮೇಲೆ ಮುದುಕನಾದ ಮೇಲೆ 1841ರಿಂದ 1844ರವರೆಗೆ ನಾಲ್ಕು ಬೇಸಿಗೆಯೂ ಅಲ್ಲಿಗೇ. ಲೂಸರ್ನ್‌ನಲ್ಲಿ ನೀರಿನ ಅಂಚಿಗಿದ್ದ ‘ಹಂಸ’ ಅನ್ನುವ ಹೆಸರಿನ ಹೋಟೆಲಿನಲ್ಲಿ ಇಳಿದುಕೊಂಡ. ಅಲ್ಲಿಂದ ರಿಗಿ ಎದುರಿಗೇ ಕಾಣುತ್ತಿತ್ತು.

ಅಲ್ಲಿ ಮಾಡಿಕೊಳ್ಳುತ್ತಿದ್ದದ್ದು ಪೆನ್ಸಿಲ್ ಗೆರೆಗಳು, ಬೇಗ ಬೇಗ ಹಚ್ಚಿದ ಬಣ್ಣದ ಹಾಳೆಗಳು. ಮುಗಿದ ಚಿತ್ರ ತಯಾರಾಗುತ್ತಿದ್ದದ್ದು ಲಂಡನ್ನಿನಲ್ಲಿ, ತಿಂಗಳುಗಳ ನಂತರ. ಅಂದರೆ ಆ ನಸುಕು ಬಂದದ್ದು ಕಣ್ಣಿನಿಂದ ಅರ್ಧ, ನೆನಪಿನಿಂದ ಅರ್ಧ. ನನಗೇನೋ ಅದಕ್ಕೇ ಇದು ಫೋಟೋ ಥರ ಇಲ್ಲ ಅನಿಸುತ್ತದೆ. ನೆನಪಿನಲ್ಲಿ ಉಳಿದ ಬೆಟ್ಟಕ್ಕೆ ಕಲ್ಲು, ಗಿಡ, ಪೊದೆ ಇರುವುದಿಲ್ಲವಲ್ಲ.

ವಾಟರ್ ಕಲರ್‌ನಲ್ಲಿ ಇದೆಲ್ಲ ಹೇಗೆ ಸಾಧ್ಯ? ನಮ್ಮ ಮಗ ಹಚ್ಚಿದರೆ ಕೊಚ್ಚೆ ಆಗುತ್ತದೆ.

ಎಲ್ಲರ ಮನೆಯ ಮಗನದ್ದೂ ಕೊಚ್ಚೆಯೇ ಆಗುತ್ತದೆ. ನನ್ನದೂ ಆಗಿದೆ.

ವಾಟರ್ ಕಲರ್‌ನ ಕಷ್ಟ ಏನೆಂದರೆ ಅದರಲ್ಲಿ ಬಿಳಿ ಅನ್ನುವುದು ಕಾಗದದ್ದೇ. ಎಣ್ಣೆ ಬಣ್ಣದಲ್ಲಿ ತಪ್ಪಾದರೆ ಮೇಲೆ ಇನ್ನೊಂದು ಪದರ ಬಳಿಯಬಹುದು. ಇಲ್ಲಿ ಬಣ್ಣ ತೆಳು, ಪಾರದರ್ಶಕ. ಬೆಳಕು ಬಣ್ಣದ ಒಳಗೆ ಹೋಗಿ ಕಾಗದಕ್ಕೆ ಬಡಿದು ವಾಪಸ್ ಬಂದಾಗಲೇ ಹೊಳಪು. ಪದರ ಜಾಸ್ತಿ ಆದರೆ, ಅಥವಾ ಒಣಗುವ ಮೊದಲೇ ಕೈ ಹಾಕಿದರೆ, ಹೊಳಪು ಸತ್ತು ಹೋಗುತ್ತದೆ. ಅದೇ ಕೊಚ್ಚೆ.

ಟರ್ನರ್ ಮೊದಲು ಕಾಗದವನ್ನು ಚೆನ್ನಾಗಿ ನೆನೆಸುತ್ತಿದ್ದ. ಒದ್ದೆ ಕಾಗದದ ಮೇಲೆ ತೆಳುವಾದ ಬಣ್ಣ ಹರಿಸುತ್ತಿದ್ದ. ಅದು ಒಣಗಿದ ಮೇಲೆ ಇನ್ನೊಂದು ತೆಳು ಪದರ, ಮತ್ತೊಂದು. ಆಕಾಶ ಮತ್ತು ಬೆಟ್ಟ ಹೀಗೆ ಕೂಡಿಕೊಂಡವು. ಆಮೇಲೆ ಸಣ್ಣ ಬ್ರಷ್ಷಿನಿಂದ ಚುಕ್ಕಿ ಚುಕ್ಕಿಯಾಗಿ, ಗೀರು ಗೀರಾಗಿ ಕೆಲಸ. ಹತ್ತಿರದಿಂದ ತೆಗೆದ ಫೋಟೋಗಳನ್ನು ನೋಡಿದರೆ, ‘ಏನೂ ಇಲ್ಲ’ ಅಂತ ನಾವು ಅಂದುಕೊಂಡ ಬೆಟ್ಟದ ಮೈಮೇಲೆ ಸಾಲು ಸಾಲು ಸಣ್ಣ ಗೀರುಗಳು. ಚಿಕ್ಕಪ್ಪನಿಗೆ ಮೊಬೈಲ್‌ನಲ್ಲಿ ದೊಡ್ಡದು ಮಾಡಿ ತೋರಿಸಿದೆ. “ಓಹೋ, ಮಾಡಿ ಮಾಡಿ ಅಳಿಸಿದ್ದಾನೆ” ಅಂದರು. ಅಷ್ಟು ಚೆನ್ನಾಗಿ ನಾನೂ ಹೇಳಲಾರೆ.

ಕೊನೆಗೆ ಬರುವುದು ಕೆರೆಯುವ ಕೆಲಸ. ಬೆಳಕಿನ ಚುಕ್ಕಿ ಬೇಕಾದ ಕಡೆ ಬಣ್ಣವನ್ನು ಕೆರೆದು ತೆಗೆದು ಕೆಳಗಿನ ಬಿಳಿ ಕಾಗದವನ್ನು ಹೊರಗೆ ತರುತ್ತಿದ್ದ. ಇದಕ್ಕೆ ಚಾಕುವೂ ಆಗುತ್ತಿತ್ತು, ಉಗುರೂ ಆಗುತ್ತಿತ್ತು. ಹೆಬ್ಬೆರಳ ಉಗುರನ್ನು ಇದಕ್ಕೆಂದೇ ಉದ್ದ ಬಿಟ್ಟಿದ್ದನಂತೆ. ಬೆಳ್ಳಿ ಚುಕ್ಕಿ ಹಾಗೆ ಬಂದದ್ದು. ಅದು ಹಚ್ಚಿದ ಚುಕ್ಕಿ ಅಲ್ಲ, ಕೆರೆದ ಚುಕ್ಕಿ. ನೀರಿನ ಮೇಲಿನ ಮಿಂಚುಗಳೂ ಹಾಗೇ.

ಆಗ ಇದನ್ನು ಯಾರು ಕೊಂಡುಕೊಂಡರು? ಎಷ್ಟಕ್ಕೆ?

ಈ ಕತೆ ಸ್ವಾರಸ್ಯವಾಗಿದೆ. ಮುದುಕ ಟರ್ನರ್ ಒಂದು ವ್ಯಾಪಾರದ ಉಪಾಯ ಹೂಡಿದ. ಹದಿನೈದು ಸ್ಯಾಂಪಲ್ ಚಿತ್ರಗಳನ್ನು ತನ್ನ ಏಜೆಂಟ್ ಥಾಮಸ್ ಗ್ರಿಫಿತ್ ಕೈಗೆ ಕೊಟ್ಟ. ಗಿರಾಕಿಗಳು ಅದರಲ್ಲಿ ಬೇಕಾದ್ದನ್ನು ಆರಿಸಬೇಕು, ಅವನು ಅದನ್ನು ದೊಡ್ಡದಾಗಿ, ಪೂರ್ತಿಯಾಗಿ ಬರೆದುಕೊಡುತ್ತಾನೆ. ಹತ್ತು ಚಿತ್ರ ಮಾತ್ರ. ಮುಗಿದ ಚಿತ್ರ ಹೇಗಿರುತ್ತದೆ ಅಂತ ತೋರಿಸಲು ನಾಲ್ಕನ್ನು ಮುಂಚೆಯೇ ಬರೆದಿಟ್ಟ. ಸೀರೆ ಅಂಗಡಿಯಲ್ಲಿ ಗೊಂಬೆಗೆ ಉಡಿಸಿ ನಿಲ್ಲಿಸುತ್ತಾರಲ್ಲ, ಹಾಗೆ.

ಬೆಲೆ ಒಂದಕ್ಕೆ 80 ಗಿನಿ, ಅಂದರೆ 84 ಪೌಂಡ್. ಗ್ರಿಫಿತ್‌ಗೆ ಅನುಮಾನ, ಇವು ನಿಮ್ಮ ಮಾಮೂಲಿ ಶೈಲಿಯ ಹಾಗಿಲ್ಲವಲ್ಲ ಅಂತ. ಅವನ ಅನುಮಾನ ಸುಳ್ಳಾಗಲಿಲ್ಲ. ಹತ್ತಕ್ಕೆ ಹತ್ತು ಗಿರಾಕಿ ಸಿಗಲಿಲ್ಲ. ಒಂಬತ್ತು ಹೋದವು. ಒಂದು ಗ್ರಿಫಿತ್‌ನ ಕಮಿಷನ್ ಲೆಕ್ಕಕ್ಕೆ ಹೋಯಿತು. ಈ ಸಂಗತಿಯೆಲ್ಲ ನಮಗೆ ಗೊತ್ತಿರುವುದು ಟರ್ನರ್‌ನ ಪರಮ ಅಭಿಮಾನಿ ಜಾನ್ ರಸ್ಕಿನ್ ಮುಂದೆ ಬರೆದಿಟ್ಟದ್ದರಿಂದ.

ನೀಲಿ ರಿಗಿಯನ್ನು ತೆಗೆದುಕೊಂಡವನು ಎಲ್ಹನನ್ ಬಿಕ್‌ನೆಲ್. ತಿಮಿಂಗಿಲದ ಎಣ್ಣೆ ವ್ಯಾಪಾರದಲ್ಲಿ ದುಡ್ಡು ಮಾಡಿದವನು. ಆ ಕಾಲದ ದೀಪಗಳು ಉರಿಯುತ್ತಿದ್ದದ್ದು ಅಂಥ ಎಣ್ಣೆಯಿಂದ. ಕೆಂಪು ಮತ್ತು ಕಪ್ಪು ರಿಗಿ ಎರಡನ್ನೂ ಮನ್ರೋ ಆಫ್ ನೋವಾರ್ ಅನ್ನುವ ಸ್ಕಾಟ್ ಜಮೀನ್ದಾರ ಕೊಂಡ.

ಅದೇ 1842ರಲ್ಲಿ ಟರ್ನರ್ ಹಿಮ ಬಿರುಗಾಳಿಯಲ್ಲಿ ಸಿಕ್ಕ ಹಬೆ ಹಡಗಿನ ಎಣ್ಣೆ ಬಣ್ಣದ ಚಿತ್ರವನ್ನು ಪ್ರದರ್ಶನಕ್ಕಿಟ್ಟಿದ್ದ. ಸೋಪಿನ ನೊರೆ, ಸುಣ್ಣದ ನೀರು ಅಂತ ಜರೆದರು. ಮರುವರ್ಷವೇ ರಸ್ಕಿನ್ ಅವನ ಪರವಾಗಿ ಒಂದು ದಪ್ಪ ಪುಸ್ತಕ ತಂದ. ಆಗ ರಸ್ಕಿನ್‌ಗೆ ಇಪ್ಪತ್ನಾಲ್ಕು ವಯಸ್ಸು.

ಈಗ ಎಷ್ಟು ಬೆಲೆ?

2006ರ ಜೂನ್‌ನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 58 ಲಕ್ಷ ಪೌಂಡಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 50 ಕೋಟಿ ರೂಪಾಯಿ. ಎ3 ಹಾಳೆಗೆ! ಬ್ರಿಟಿಷ್ ವಾಟರ್ ಕಲರ್ ಒಂದಕ್ಕೆ ಅಲ್ಲಿಯವರೆಗೆ ಅಷ್ಟು ಯಾರೂ ಕೊಟ್ಟಿರಲಿಲ್ಲ.

ಚಿತ್ರ ದೇಶ ಬಿಟ್ಟು ಹೋಗುವುದರಲ್ಲಿತ್ತು. ಸರ್ಕಾರ ರಫ್ತಿಗೆ ತಾತ್ಕಾಲಿಕ ತಡೆ ಹಾಕಿ, ಟೇಟ್‌ಗೆ ದುಡ್ಡು ಹೊಂದಿಸಲು ಸಮಯ ಕೊಟ್ಟಿತು. ತೆರಿಗೆ ವಿನಾಯಿತಿ ಎಲ್ಲ ಕಳೆದು ಬೇಕಾದದ್ದು 49.5 ಲಕ್ಷ ಪೌಂಡ್. ಟೇಟ್ ತನ್ನ ಗಂಟಿನಿಂದ 20 ಲಕ್ಷ ತೆಗೆದಿಟ್ಟಿತು. ರಾಷ್ಟ್ರೀಯ ಪರಂಪರೆಯ ನಿಧಿ 19.5 ಲಕ್ಷ ಕೊಟ್ಟಿತು. ಆರ್ಟ್ ಫಂಡ್ 5 ಲಕ್ಷ ಕೊಟ್ಟಿತು. ಉಳಿದದ್ದಕ್ಕೆ ಜನರ ಹತ್ತಿರ ಕೈಚಾಚಿದರು. 5 ಪೌಂಡ್ ಕೊಟ್ಟು ಒಂದು ಬ್ರಷ್ ಗೀರು ನಿಮ್ಮದಾಗಿಸಿಕೊಳ್ಳಿ ಅಂತ. ಚಿತ್ರವನ್ನು ಚೌಕ ಚೌಕವಾಗಿ ಕತ್ತರಿಸಿದ ಹಾಗೆ ತೋರಿಸಿ, ನಿಮಗೆ ಬೇಕಾದ ಚೌಕ ಆರಿಸಿಕೊಳ್ಳಿ ಅಂದರು. ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚದರಡಿ ಲೆಕ್ಕದಲ್ಲಿ ರಸೀದಿ ಹರಿಯುತ್ತಾರಲ್ಲ, ಥೇಟ್ ಅದೇ. ಜನ ಐದು ಲಕ್ಷ ಪೌಂಡಿಗೂ ಜಾಸ್ತಿ ಕೊಟ್ಟರು. 2007ರಲ್ಲಿ ಚಿತ್ರ ಟೇಟ್‌ನದಾಯಿತು.

ಆ ಕಾಲದ ಬಣ್ಣದ ಆಕಾಶಗಳಿಗೆ ಜ್ವಾಲಾಮುಖಿ ಕಾರಣವಂತೆ?

ಇಂಡೋನೇಷ್ಯಾದ ತಂಬೋರಾ 1815ರಲ್ಲಿ ಸಿಡಿದು, ಒಂದೆರಡು ವರ್ಷ ಯೂರೋಪಿನ ಸಂಜೆಗಳು ಕೆಂಪಾಗಿದ್ದದ್ದು ನಿಜ. ಈ ಚಿತ್ರ 1842ರದ್ದು. ಅಷ್ಟು ಹೊತ್ತಿಗೆ ಆ ಬೂದಿ ಎಲ್ಲ ಯಾವಾಗಲೋ ಕೆಳಗೆ ಇಳಿದಿತ್ತು.

ಟರ್ನರ್ ಗೋಮೂತ್ರದ ಬಣ್ಣ ಬಳಸಿದ್ದಾನೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಸುಳ್ಳು ತಾನೆ?

ವಾಟ್ಸಾಪ್‌ನಲ್ಲಿ ಬಂದದ್ದು ಅಪರೂಪಕ್ಕೆ ನಿಜವೂ ಆಗಿರುತ್ತದೆ. ‘ಇಂಡಿಯನ್ ಯೆಲ್ಲೋ’ ಅಂತ ಒಂದು ಹಳದಿ ಬಣ್ಣ ಇತ್ತು. ಟರ್ನರ್ ಬಳಸಿದ ಬಣ್ಣಗಳಲ್ಲಿ ಅದೂ ಒಂದು. ಬಿಹಾರದ ಮುಂಗೇರ್ ಹತ್ತಿರದ ಮಿರ್ಜಾಪುರ ಅನ್ನುವ ಹಳ್ಳಿಯಲ್ಲಿ ಹಸುಗಳಿಗೆ ಮಾವಿನ ಎಲೆ ತಿನ್ನಿಸಿ, ಅವುಗಳ ಮೂತ್ರವನ್ನು ಕಾಯಿಸಿ ಇದನ್ನು ಮಾಡುತ್ತಿದ್ದರು ಅಂತ ಟಿ.ಎನ್. ಮುಖರ್ಜಿ 1883ರಲ್ಲಿ ವರದಿ ಬರೆದರು. ಬರೀ ಮಾವಿನ ಎಲೆ ತಿಂದ ಹಸುಗಳು ಸೊರಗಿ ಹೋಗುತ್ತಿದ್ದವು. ಇಪ್ಪತ್ತನೇ ಶತಮಾನದ ಮೊದಲಲ್ಲಿ ಆ ಬಣ್ಣ ಮಾರುಕಟ್ಟೆಯಿಂದಲೇ ಮಾಯವಾಯಿತು.

ನೀಲಿಯ ಕತೆಯೂ ಇದೆ. ಟರ್ನರ್ ಕಾಲದಲ್ಲಿ ಇಂಗ್ಲೆಂಡಿಗೆ ಇಂಡಿಗೋ, ಅಂದರೆ ನೀಲಿ ಗಿಡದ ಬಣ್ಣ, ಹೆಚ್ಚಾಗಿ ಹೋಗುತ್ತಿದ್ದದ್ದು ಬಂಗಾಳ ಬಿಹಾರದಿಂದ. ಅವನ ವಾಟರ್ ಕಲರ್ ಪೆಟ್ಟಿಗೆಯಲ್ಲಿ ಅದು ಇರುತ್ತಿತ್ತು. ಅದರ ದೊಡ್ಡ ದೋಷ, ಬಿಸಿಲಿಗೆ ಮಾಸುತ್ತದೆ. ಅವನ ಕೆಲವು ಹಳೆಯ ಚಿತ್ರಗಳ ನೀಲಿ ಆಕಾಶ ಹೀಗೇ ಹಾರಿಹೋಗಿ ಕೆಂಪು ತಿರುಗಿದೆ.

ಟರ್ನರ್ ನಮ್ಮ ಕಡೆಗೆ ಬಂದಿದ್ದನಾ?

ಇಲ್ಲ. ಭಾರತಕ್ಕೆ ಕಾಲಿಡಲೇ ಇಲ್ಲ. ಆದರೆ ನಮ್ಮ ಶ್ರೀರಂಗಪಟ್ಟಣವನ್ನು ಬರೆದಿದ್ದಾನೆ!

1799ರ ಮೇ 4ರಂದು ಟಿಪ್ಪು ಸುಲ್ತಾನ್ ಬಿದ್ದ ಸುದ್ದಿ ಲಂಡನ್ನಿನಲ್ಲಿ ದೊಡ್ಡ ಸದ್ದು ಮಾಡಿತ್ತು. ಶ್ರೀರಂಗಪಟ್ಟಣದ ಚಿತ್ರಗಳಿಗೆ ಬಹಳ ಬೇಡಿಕೆ. ಟರ್ನರ್ ಆಗ ಇಪ್ಪತ್ತೈದರ ಆಸುಪಾಸಿನ ಹುಡುಗ. 1800ರ ಹೊತ್ತಿಗೆ ಶ್ರೀರಂಗಪಟ್ಟಣದ ಮುತ್ತಿಗೆಯ ವಾಟರ್ ಕಲರ್ ಬರೆದ, ಕಾವೇರಿಯನ್ನೇ ನೋಡದೆ. ಆ ಚಿತ್ರವೂ ಇಂದು ಟೇಟ್‌ನಲ್ಲೇ ಇದೆ. ಮುಂದೆ 1830ರ ದಶಕದಲ್ಲಿ ಒಬ್ಬ ಸೇನಾಧಿಕಾರಿ ಮಾಡಿಕೊಂಡು ಬಂದ ಗೆರೆಗಳನ್ನು ಇಟ್ಟುಕೊಂಡು ಹಿಮಾಲಯವನ್ನೂ ಬರೆದ.

ಆ ಶ್ರೀರಂಗಪಟ್ಟಣದ ಚಿತ್ರವನ್ನೂ ಈ ರಿಗಿಯನ್ನೂ ಮೊಬೈಲಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದ್ದೇನೆ. ಮಂಡ್ಯ ಜಿಲ್ಲೆಯವನಾಗಿ ಮೊದಲನೆಯದು ಇಷ್ಟವಾಗಬೇಕಿತ್ತು. ಆಗಲಿಲ್ಲ. ಅಲ್ಲಿ ಬೇರೆಯವರ ಕಣ್ಣಿನಿಂದ ನೋಡಿ ಬರೆದಿದ್ದಾನೆ. ನಡುವೆ ನಲವತ್ತು ವರ್ಷದ ಕೆಲಸವೂ ಇದೆ, ಬಿಡಿ.

ಲಂಡನ್ನಿಗೆ ಹೋದರೆ ನೋಡಬಹುದಾ?

ಟೇಟ್ ಬ್ರಿಟನ್‌ಗೆ ಪ್ರವೇಶ ಉಚಿತ. ಪಿಮ್ಲಿಕೋ ಸ್ಟೇಷನ್ನಿನಲ್ಲಿ ಇಳಿದು ನಡೆಯಬಹುದು. ಆದರೆ ಈ ಚಿತ್ರ ಯಾವಾಗಲೂ ಗೋಡೆಯ ಮೇಲೆ ಇರುವುದಿಲ್ಲ. ವಾಟರ್ ಕಲರ್‌ಗೆ ಬೆಳಕೇ ವೈರಿ. ಸ್ವಲ್ಪ ದಿನ ಮಂದ ಬೆಳಕಿನಲ್ಲಿ ಇಟ್ಟು ಮತ್ತೆ ಕತ್ತಲೆಗೆ ಸೇರಿಸುತ್ತಾರೆ. ಹೋಗುವ ಮುಂಚೆ ಟೇಟ್‌ನ ವೆಬ್‌ಸೈಟಿನಲ್ಲಿ ಈಗ ಪ್ರದರ್ಶನದಲ್ಲಿದೆಯಾ ಅಂತ ನೋಡಿಕೊಳ್ಳಿ. ಇಲ್ಲದಿದ್ದರೂ ಅಲ್ಲಿನ ಕ್ಲೋರ್ ಗ್ಯಾಲರಿಯಲ್ಲಿ ಟರ್ನರ್‌ನ ಎಣ್ಣೆ ಬಣ್ಣದ ಚಿತ್ರಗಳಂತೂ ಇರುತ್ತವೆ. ಸಾಯುವಾಗ ಸುಮಾರು 300 ಎಣ್ಣೆ ಚಿತ್ರ, 30,000ದಷ್ಟು ಸ್ಕೆಚ್ ಮತ್ತು ವಾಟರ್ ಕಲರ್ ಮನೆಯಲ್ಲಿದ್ದವು. ಅವೆಲ್ಲ ದೇಶದ ಪಾಲಾದವು. ಈ ನೀಲಿ ರಿಗಿಗೆ ಮಾಡಿಕೊಂಡ ಸ್ಯಾಂಪಲ್ ಹಾಳೆಯೂ ಆ ರಾಶಿಯಲ್ಲೇ ಇದೆ.

ಜನವರಿಯಲ್ಲಿ ಹೋಗುವವರು ಎಡಿನ್‌ಬರೋಗೂ ಹೋಗಿ. ಹೆನ್ರಿ ವಾನ್ ಅನ್ನುವವನು 1900ರಲ್ಲಿ ಟರ್ನರ್‌ನ 38 ಕೃತಿಗಳನ್ನು ಅಲ್ಲಿನ ರಾಷ್ಟ್ರೀಯ ಗ್ಯಾಲರಿಗೆ ಬಿಟ್ಟುಹೋದ. ಒಂದೇ ಷರತ್ತು: ವರ್ಷದಲ್ಲಿ ಜನವರಿ ತಿಂಗಳು ಮಾತ್ರ ತೋರಿಸಬೇಕು, ಏಕೆಂದರೆ ಆಗ ಬಿಸಿಲು ಎಲ್ಲಕ್ಕಿಂತ ಕಡಿಮೆ. ಆ ಬಣ್ಣಗಳು ಇವತ್ತಿಗೂ ತಾಜಾ ಇರುವುದು ಆ ಮನುಷ್ಯನ ಜಿಪುಣತನದಿಂದ.

ನಮಗೂ ಒಂದು ಪ್ರಿಂಟ್ ಬೇಕು. ಏನು ನೋಡಿಕೊಳ್ಳಬೇಕು?

ಟೇಟ್‌ನ ಅಂಗಡಿಯಲ್ಲಿ ಸಿಗುತ್ತದೆ, ಆದರೆ ತರಿಸುವ ಖರ್ಚು ಜಾಸ್ತಿ. ಇಲ್ಲೇ ಮಾಡಿಸುವುದಾದರೆ ಮೂರು ಮಾತು.

ದೊಡ್ಡದು ಮಾಡಿಸಬೇಡಿ. ನಾನು ಆಸೆಗೆ ಬಿದ್ದು ಮೂರಡಿ ಅಗಲ ಮಾಡಿಸಿದೆ. ಗೀರುಗಳೆಲ್ಲ ಎದ್ದು ಕಂಡು, ಮಂಜು ಹೋಗಿ ಮರಳು ಕಾಗದದ ಹಾಗಾಯಿತು. ಅಸಲಿನ ಅಳತೆಯೇ ಸರಿ.

ಬಣ್ಣ ‘ಎನ್‌ಹಾನ್ಸ್’ ಮಾಡಬೇಡಿ ಅಂತ ಬಾಯಿಬಿಟ್ಟು ಹೇಳಿ. ನಾನು ಕೊಟ್ಟ ಅಂಗಡಿಯ ಹುಡುಗ ಪ್ರೀತಿಯಿಂದಲೇ ನೀಲಿಯನ್ನು ಏರಿಸಿಬಿಟ್ಟಿದ್ದ. “ಸಾರ್, ಡಲ್ ಇತ್ತು, ಸರಿ ಮಾಡಿದೀನಿ” ಅಂದ. ಮನೆಗೆ ತಂದು ನೋಡಿದರೆ ಬಟ್ಟೆಗೆ ಹಾಕುವ ನೀಲಿ. ಬೆಳ್ಳಿ ಚುಕ್ಕಿಯನ್ನು ಧೂಳು ಅಂದುಕೊಂಡು ಅಳಿಸಿಯೂ ಹಾಕಿದ್ದ. ಎರಡನೇ ಸಲ ಮಾಡಿಸಬೇಕಾಯಿತು.

ಮೂರನೆಯದು, ಕಿಟಕಿಯ ಎದುರು ಬೇಡ. ನನ್ನದು ಹಾಲ್‌ನಲ್ಲಿ ಪಡುವಣ ಕಿಟಕಿಗೆ ಎದುರಾಗಿತ್ತು. ಎರಡು ಬೇಸಿಗೆಗೆ ಮಾಸಿತು. ಈಗ ಬಾಗಿಲ ಪಕ್ಕ, ಶೂ ರ‍್ಯಾಕಿನ ಮೇಲಿನ ಗೋಡೆಗೆ ಹಾಕಿದ್ದೇನೆ. ಅಲ್ಲಿ ಬಿಸಿಲು ಬರುವುದಿಲ್ಲ. ಬಂದವರು ಚಪ್ಪಲಿ ಬಿಡುವಾಗ ಒಂದು ಸಲ ನೋಡುತ್ತಾರೆ, ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಪ್ರಶ್ನೆ ಕೇಳುತ್ತಾರೆ.